ಮೌಂಟ್ ಆಲ್ಬರ್ಟ್‌ನಲ್ಲಿ ಕೋಟೆ ಎಲ್ಲಿದೆ?



ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಈ ಸಲ ಹಂಪಿಯ ಪಾಠ ಇತ್ತು. ಕಲ್ಲಿನ ರಥ, ಉಗ್ರನರಸಿಂಹ, ಮಹಾನವಮಿ ದಿಬ್ಬ, ಲೋಟಸ್ ಮಹಲ್ ಎಲ್ಲದರ ಚಿತ್ರ ತೋರಿಸಿ, ವಿಜಯನಗರದ ಕಥೆ ಹೇಳಿ ಮುಗಿಸಿದೆ. ಕೊನೆಯಲ್ಲಿ ಒಬ್ಬ ಪುಟ್ಟ ಹುಡುಗಿ ಕೈಯೆತ್ತಿ ಕೇಳಿದಳು: "ಆಂಟಿ, ಇಲ್ಲಿ ನ್ಯೂಜಿಲೆಂಡಿನಲ್ಲಿ ಹಂಪಿ ಥರದ್ದು ಯಾಕಿಲ್ಲ?" ಕೆಲವು ವರ್ಷಗಳ ಹಿಂದೆ ಕೇಳಿದ್ದರೆ "ಇದು ಹೊಸ ದೇಶ ಪುಟ್ಟೀ, ಇಲ್ಲಿ ಹಳೆಯದೇನೂ ಇಲ್ಲ" ಎಂದುಬಿಡುತ್ತಿದ್ದೆ. ಈ ಸಲ ಹಾಗೆ ಹೇಳಲಿಲ್ಲ. ಕಿಟಕಿಯಿಂದ ಕಾಣುವ ಗುಡ್ಡ ತೋರಿಸಿ, "ಮುಂದಿನ ವಾರ ಎಲ್ಲರೂ ಅಲ್ಲಿಗೆ ಹೋಗೋಣ, ಕೋಟೆ ಎಲ್ಲಿದೆ ಅಂತ ನೀವೇ ಹುಡುಕಿ" ಎಂದೆ. ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ಉಪಯೋಗವಾದೀತು.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆಕ್ಲೆಂಡಿಗೆ ಬಂದ ಹೊಸತರಲ್ಲಿ ಅತ್ತೆಯವರು ಊರಿನಿಂದ ಬಂದಿದ್ದರು. ಅವರದು ಗಂಗಾವತಿ ಹತ್ತಿರದ ಹಳ್ಳಿ. ಒಂದು ಶನಿವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಮೌಂಟ್ ಆಲ್ಬರ್ಟ್ ಗುಡ್ಡಕ್ಕೆ ಹೋದೆವು. ಗಾಳಿ ಜೋರಾಗಿತ್ತು. ತುದಿಯ ಹತ್ತಿರ ಒಂದು ಚೌಕಾಕಾರದ ತಗ್ಗು ಕಂಡಿತು. ಗಾಳಿಗೆ ಮರೆಯಾಗಿದೆ, ಹುಲ್ಲು ಮೆತ್ತಗಿದೆ, ಇನ್ನೇನು ಬೇಕು? ಅಲ್ಲೇ ಚಾಪೆ ಹಾಸಿದೆವು. ಮಗ ರಟ್ಟಿನ ಡಬ್ಬ ಹರಿದು ಅದರ ಮೇಲೆ ಕೂತು ಇಳಿಜಾರಿನಲ್ಲಿ ಜಾರುಬಂಡಿ ಆಡತೊಡಗಿದ. ಅತ್ತೆ ಮಾತ್ರ ಆ ತಗ್ಗನ್ನು ಸುತ್ತಿ ಸುತ್ತಿ ನೋಡಿ, "ಅಲ್ಲವ್ವಾ, ಇದು ನಮ್ಮ ಹಗೇವು ಇದ್ದಂಗ ಐತಲ್ಲ" ಅಂದರು. ನಾನು ನಕ್ಕುಬಿಟ್ಟೆ. "ಇಲ್ಲೆಲ್ಲಿ ಹಗೇವು ಅತ್ತೆ, ಮಳೆಗೆ ಕುಸಿದಿರಬೇಕು" ಅಂದೆ.

ಊಟ ಅರ್ಧ ಆಗಿತ್ತು. ಗುಡ್ಡ ಹತ್ತಿ ಬಂದ ಒಬ್ಬ ಹಿರಿಯ ಮಾವೊರಿ ಮಹಿಳೆ ನಮ್ಮನ್ನು ನೋಡಿ ನಿಂತರು. ಸಿಟ್ಟಿರಲಿಲ್ಲ. ಯಾವ ದೇಶ, ಯಾವ ಊರು ಎಂದೆಲ್ಲ ವಿಚಾರಿಸಿ, ಆಮೇಲೆ ಮೆಲ್ಲಗೆ, "ನೀವು ಕೂತಿರುವುದು ನಮ್ಮ ಹಿರಿಯರ ಉಗ್ರಾಣದಲ್ಲಿ, ಹುಡುಗ ಜಾರುತ್ತಿರುವುದು ಅವರ ಮನೆಯಂಗಳದ ಮೇಲೆ" ಅಂದರು. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ತುತ್ತನ್ನು ಅಲ್ಲೇ ಬಿಟ್ಟು ಎದ್ದರು. "ನಾನ್ ಹೇಳಿದ್ನಿಲ್ಲ?" ಎಂದು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ!

ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಆ ತಗ್ಗು ಗೆಣಸಿನ ಹಗೇವು. ಮಾವೊರಿ ಭಾಷೆಯಲ್ಲಿ ರೂಆ ಎನ್ನುತ್ತಾರೆ, ಗೆಣಸಿಗೆ ಕೂಮರ. ನಮ್ಮ ಈಗಿನ ಮಕ್ಕಳಿಗೆ ಹಗೇವೂ ಗೊತ್ತಿರಲಾರದು, ಅದನ್ನೂ ಹೇಳಿಬಿಡುತ್ತೇನೆ. ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳವನ್ನೋ ರಾಗಿಯನ್ನೋ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆಗೆದಾಗ ಒಳಗಿನ ಕೆಟ್ಟ ಗಾಳಿಗೆ ಜೀವ ಹೋದದ್ದೂ ಉಂಟು. ಅದಕ್ಕೇ ಮೊದಲು ದೀಪ ಇಳಿಸಿ, ಆರದಿದ್ದರೆ ಮಾತ್ರ ಮನುಷ್ಯರು ಇಳಿಯುತ್ತಿದ್ದರಂತೆ, ಅತ್ತೆ ಹೇಳಿದ್ದು.

ಮಾವೊರಿಗಳ ಕಷ್ಟ ಬೇರೆ. ಕೂಮರ ಬಿಸಿನಾಡಿನ ಬೆಳೆ, ಈ ದೇಶ ಅದಕ್ಕೆ ಚಳಿ. ಒಂದು ಸಲ ಹಿಮ ಬಿದ್ದರೆ ಬಳ್ಳಿ ಸತ್ತಂತೆ, ಥಂಡಿಯಲ್ಲಿಟ್ಟರೆ ಗೆಡ್ಡೆ ಕೊಳೆತಂತೆ. ಮುಂದಿನ ವರ್ಷ ನೆಡಲು ಬೀಜದ ಗೆಡ್ಡೆಯೂ ಉಳಿಯಬೇಕಲ್ಲ? ಹಾಗಾಗಿ ನೀರು ನಿಲ್ಲದ ಎತ್ತರದ ಜಾಗದಲ್ಲಿ ಚೌಕವಾಗಿ ಗುಂಡಿ ತೋಡಿ, ಮೇಲೆ ಮಾಡು ಹೊದಿಸಿ, ತಳದಲ್ಲಿ ನೀರು ಹರಿದುಹೋಗಲು ಸಣ್ಣ ಕಾಲುವೆ ಮಾಡಿ, ಒಳಗೆ ಒಂದೇ ಸಮನಾದ ಬೆಚ್ಚಗಿರುವಂತೆ ನೋಡಿಕೊಂಡರು. ಜ್ವಾಲಾಮುಖಿಯ ಮಣ್ಣು ಫಲವತ್ತು, ಬಿಸಿಲಿಗೆ ಬೇಗ ಕಾಯುತ್ತದೆ, ಗೆಣಸಿಗೆ ಹೇಳಿ ಮಾಡಿಸಿದ್ದು. ಈ ಗುಡ್ಡಗಳ ಸುತ್ತ ಹೊಲ, ಮೇಲೆ ಉಗ್ರಾಣ, ಉಗ್ರಾಣದ ಸುತ್ತ ಕಾವಲು.

ಗೆಣಸಿನ ಬಗ್ಗೆ ಇನ್ನೊಂದು ಮಾತು. ನಮ್ಮ ಮೈಸೂರು ಕಡೆ ಸಂಕ್ರಾಂತಿಗೆ ಕಡಲೆಕಾಯಿ, ಅವರೆಕಾಯಿ ಜೊತೆ ಬೇಯಿಸಿ ತಿನ್ನುವ ಗೆಣಸು ನಮ್ಮದೇ ಎಂದುಕೊಂಡಿದ್ದೆವಲ್ಲ, ಅದು ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರು 16ನೇ ಶತಮಾನದಲ್ಲಿ ಭಾರತಕ್ಕೆ ತಂದರು. ಪಾಲಿನೇಷಿಯಾದ ಜನರಿಗೆ ಅದು ಕೊಲಂಬಸ್ ಹುಟ್ಟುವ ಮೊದಲೇ ಸಿಕ್ಕಿತ್ತು. ಆಂಡೀಸ್ ಪರ್ವತದ ಕೆಚುವಾ ಭಾಷೆಯ ಹೆಸರಿಗೂ 'ಕೂಮರ' ಎಂಬ ಹೆಸರಿಗೂ ಹೋಲಿಕೆ ಇದೆ. ಒಂದೇ ಗೆಡ್ಡೆ ಭೂಮಿಯನ್ನು ಎರಡು ದಿಕ್ಕಿನಿಂದ ಸುತ್ತಿ ಬಂದು ಪ್ಯಾಕ್ ಎನ್ ಸೇವ್ ಅಂಗಡಿಯ ಬುಟ್ಟಿಯಲ್ಲಿ ನಮಗೆ ಸಿಗುತ್ತಿದೆ!

ಈಗ ಕೋಟೆಗೆ ಬರೋಣ. ಗುಡ್ಡದ ಹಳೆಯ ಹೆಸರು ಓವೈರಾಕ, ಅಂದರೆ ವೈರಾಕಳ ಜಾಗ. ಮಾತಾಆತುವಾ ಎಂಬ ದೊಡ್ಡ ದೋಣಿಯಲ್ಲಿ ಬಂದ ನಾಯಕ ತೊರೊವಾನ ಮಗಳು ವೈರಾಕ. ತನಗೆ ಬೇಡದ ಮದುವೆಯಿಂದ ತಪ್ಪಿಸಿಕೊಂಡು ಬಂದು ಇಲ್ಲಿ ನೆಲೆಸಿದಳು ಎನ್ನುತ್ತದೆ ಐತಿಹ್ಯ. ಫಾಕಟಾನೆ ಊರಿನ ನದೀಮುಖದಲ್ಲಿ ಬಂಡೆಯ ಮೇಲೆ ನಿಂತ ಆಕೆಯ ಪ್ರತಿಮೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಗಂಡಸರಿಲ್ಲದಾಗ ತೇಲಿಹೋಗುತ್ತಿದ್ದ ದೋಣಿಗೆ ತಾನೇ ಹುಟ್ಟು ಹಾಕಿ ಉಳಿಸಿದವಳು. ಹೆಂಗಸರು ಹುಟ್ಟು ಮುಟ್ಟಬಾರದೆಂಬ ಕಟ್ಟಳೆಯನ್ನು ಮುರಿದವಳು. (ನಮ್ಮ ಒನಕೆ ಓಬವ್ವನ ಪಾಠದ ಪಕ್ಕದಲ್ಲೇ ಇದನ್ನು ಹೇಳಿದರೆ ಹೆಣ್ಣುಮಕ್ಕಳ ಕಣ್ಣು ಅರಳುತ್ತದೆ, ನಾನು ಪರೀಕ್ಷಿಸಿ ನೋಡಿದ್ದೇನೆ.)

ಪಾಲಿನೇಷಿಯಾದ ದೋಣಿಗಳು ಈ ದ್ವೀಪಗಳಿಗೆ ಬಂದದ್ದು ಸುಮಾರು 13-14ನೇ ಶತಮಾನದಲ್ಲಿ. ವಿಜಯನಗರದ ಸ್ಥಾಪನೆ 1336. ಅಂದರೆ ಹೆಚ್ಚು ಕಡಿಮೆ ಒಂದೇ ಕಾಲದ ಕಥೆ. ಇಲ್ಲಿನ ಗುಡ್ಡಗಳ ಮೇಲೆ ಕೋಟೆ ಕಟ್ಟಿದ್ದು ಅದಕ್ಕಿಂತ ಈಚೆಗೆ. ಇಂಥ ಕೋಟೆಗೆ 'ಪಾ' ಎನ್ನುತ್ತಾರೆ. ಹಂಪಿಯಲ್ಲಿ, ಚಿತ್ರದುರ್ಗದಲ್ಲಿ ಕಲ್ಲು ಉಳಿದಿದೆ, ಆದ್ದರಿಂದ ನಮಗೆ ಕಾಣುತ್ತದೆ. ಪಾ ಕಟ್ಟಿದ್ದು ಮರದಿಂದ. ಸಾಲುಸಾಲು ಗೂಟಗಳ ಬೇಲಿ, ಕಾವಲು ಅಟ್ಟಣೆ, ಮನೆ, ಎಲ್ಲ ಮರ. ಮರ ಮಣ್ಣಾಯಿತು. ಉಳಿದದ್ದು ಗುಡ್ಡದ ಆಕಾರ ಒಂದೇ. ಕಲ್ಲು ನೋಡಿ ಅಭ್ಯಾಸವಾದ ನಮ್ಮ ಕಣ್ಣಿಗೆ ಅದು ಬರೀ ಹುಲ್ಲುಗುಡ್ಡ.

ನೋಡುವ ರೀತಿ ಹೀಗೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಗಬೇಡಿ, ಏನೂ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ ಬಿಸಿಲು ಓರೆಯಾಗಿದ್ದಾಗ ಹೋಗಿ. ಆಗ ಇಳಿಜಾರಿನಲ್ಲಿ ನೆರಳಿನ ಗೆರೆಗಳು ಏಳುತ್ತವೆ. ಗುಡ್ಡಕ್ಕೆ ಜಗಲಿ ಕಟ್ಟಿದಂತೆ ಒಂದರ ಮೇಲೊಂದು ಮಟ್ಟಸವಾದ ಪಟ್ಟಿ. ನೀರು, ಗಾಳಿ ಕೊರೆದದ್ದು ಹೀಗೆ ನೆಟ್ಟಗೆ ಇರುವುದಿಲ್ಲ. ಇದು ಮನುಷ್ಯರು ಕಟ್ಟಿಗೆಯ ಸಲಕರಣೆ ಹಿಡಿದು ಕಡಿದು, ಮಣ್ಣು ಎಳೆದು ಸಮ ಮಾಡಿದ್ದು. ಅವರಲ್ಲಿ ಕಬ್ಬಿಣ ಇರಲಿಲ್ಲ ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ. ಆ ಜಗಲಿಗಳ ಮೇಲೆ ಮನೆಗಳಿದ್ದವು. ಅಂಚಿನಲ್ಲಿ ಬೇಲಿ. ಚೌಕ ತಗ್ಗುಗಳು ಉಗ್ರಾಣ. ಅತಿ ಎತ್ತರದ ಜಾಗಕ್ಕೆ ತಿಹಿ ಎಂದು ಹೆಸರು, ಅಲ್ಲಿ ಊಟ ತಿಂಡಿ ಬೇಡ. ಬುತ್ತಿಯನ್ನು ಕೆಳಗೆ ಪಾರ್ಕಿನಲ್ಲಿ ಬಿಚ್ಚಿ. ಓವೈರಾಕದಲ್ಲಿ ಕಡಿಮೆಯೇ ಉಳಿದಿದೆ. ಜಗಲಿಗಳನ್ನು ಚೆನ್ನಾಗಿ ನೋಡಬೇಕೆಂದರೆ ಮೊದಲು ಮೌಂಗಫಾವ್ ಅಂದರೆ ಮೌಂಟ್ ಈಡನ್, ಅಥವಾ ಮೌಂಗಕಿಎಕಿಎ ಅಂದರೆ ಒನ್ ಟ್ರೀ ಹಿಲ್ ಹತ್ತಿ, ಕಣ್ಣು ಪಳಗಿಸಿಕೊಂಡು ಇಲ್ಲಿಗೆ ಬನ್ನಿ.

ಇಲ್ಲಿ ಯಾಕೆ ಕಡಿಮೆ ಉಳಿದಿದೆ? ಇದು ಪಾಠದ ಬೇಸರದ ಭಾಗ. ಸುಮಾರು 1,20,000 ವರ್ಷಗಳ ಹಿಂದೆ ಸ್ಫೋಟಗೊಂಡ ಈ ಜ್ವಾಲಾಮುಖಿ ಆಕ್ಲೆಂಡಿನ ಸುಮಾರು 53ರಲ್ಲಿ ಒಂದು. ಅದು ಉಗುಳಿದ ಕೆಂಪು ಕಪ್ಪು ಗುಳ್ಳೆಗಲ್ಲು, ಸ್ಕೋರಿಯಾ, ಹಗುರ, ಅಗೆಯಲು ಸುಲಭ, ನೀರು ನಿಲ್ಲಿಸುವುದಿಲ್ಲ. ರೈಲು ಹಳಿಯ ಕೆಳಗೆ ಹಾಸಲು ಬಹಳ ಚೆನ್ನ. 1880ರಲ್ಲಿ ರೈಲು ಇತ್ತ ಬಂತು. ಆಮೇಲೆ ಹತ್ತಾರು ವರ್ಷ ಗುಡ್ಡವನ್ನು ಕಡಿದು ಕಡಿದು ಹಳಿಗೆ, ರಸ್ತೆಗೆ ಸುರಿದರು. ಇವತ್ತು ಗುಡ್ಡದ ಎತ್ತರ 135 ಮೀಟರ್. ತುದಿಯಿಂದಲೇ ಸುಮಾರು 15 ಮೀಟರ್ ಹೋಗಿದೆ, ಅಂದರೆ ನಾಲ್ಕೈದು ಮಹಡಿಯ ಕಟ್ಟಡದಷ್ಟು! ಜನ ಸುಮ್ಮನಿರಲಿಲ್ಲ. ಜ್ವಾಲಾಮುಖಿ ಗುಡ್ಡಗಳ ಇಳಿಜಾರನ್ನು ಬೇಕಾಬಿಟ್ಟಿ ಕಡಿಯದಂತೆ 1915ರಲ್ಲೇ ಕಾನೂನು ಬಂತು. ಆದರೂ ಹೋದದ್ದು ಹೋಯಿತು. ಮೌಂಟ್ ಆಲ್ಬರ್ಟ್ ಸ್ಟೇಷನ್ನಿನಲ್ಲಿ ಇಳಿದು ಗುಡ್ಡಕ್ಕೆ ನಡೆದು ಹೋಗುವಾಗ ಮಕ್ಕಳಿಗೆ ಇದನ್ನು ಹೇಳಿ, ಹಳಿಯ ಕಡೆ ಒಮ್ಮೆ ತಿರುಗಿ ನೋಡುತ್ತಾರೆ.

"ಬಿಳಿಯರು ಹೀಗೇ" ಎಂದು ಮಾತು ಮುಗಿಸುವ ಹಾಗಿಲ್ಲ. ನಮ್ಮಲ್ಲೇನಾಯಿತು? ಅದೇ ಸುಮಾರಿಗೆ ಶ್ರೀರಂಗಪಟ್ಟಣದ ಕೋಟೆಯ ಮಧ್ಯದಲ್ಲೇ ಮೈಸೂರು ರೈಲು ಹಾದುಹೋಯಿತು. ಬೆಂಗಳೂರಿನ ದೊಡ್ಡ ಕಲ್ಲಿನ ಕೋಟೆಯಲ್ಲಿ ಉಳಿದದ್ದು ದೆಹಲಿ ಬಾಗಿಲಿನ ಸುತ್ತಮುತ್ತ ಒಂದು ತುಣುಕು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಒಂದು ಒಳ್ಳೆಯ ಉದಾಹರಣೆಯೂ ಇದೆ. ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟಿಪ್ಪುವಿನ ಕಾಲದ ಮದ್ದಿನಮನೆಯನ್ನು ಒಡೆಯದೆ, ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದರು. ಈ ಕಥೆ ಹೇಳಿದಾಗ ತರಗತಿಯ ಗಂಡುಮಕ್ಕಳು ಬೇರೆ ಏನನ್ನೂ ಕೇಳಲು ತಯಾರಿರಲಿಲ್ಲ. ಎಷ್ಟು ಜಾಕ್, ಎಷ್ಟು ಚಕ್ರ ಎಂದು ಅದೇ ಪ್ರಶ್ನೆ.

ಗುಡ್ಡಕ್ಕೆ ಇನ್ನೊಂದು ಹೆಸರಿದೆ: ತೆ ಅಹಿ ಕಾ ಆ ರಾಕತೌರ. ತೈನುಯಿ ದೋಣಿಯ ಪುರೋಹಿತ ರಾಕತೌರನ ಆರದ ಬೆಂಕಿ ಎಂದರ್ಥ. ಅಹಿ ಕಾ ಎನ್ನುವುದು ಬರೀ ಹೆಸರಲ್ಲ, ಮಾವೊರಿಗಳ ಹಕ್ಕಿನ ಮಾತು. ಒಂದು ನೆಲದಲ್ಲಿ ನಿಮ್ಮ ಒಲೆ ಉರಿಯುತ್ತಿದ್ದರೆ ಆ ನೆಲ ನಿಮ್ಮದು. ತಲೆಮಾರುಗಳ ಕಾಲ ಒಲೆ ಆರಿದರೆ ಹಕ್ಕೂ ಆರುತ್ತಾ ಬರುತ್ತದೆ. ಇದನ್ನು ಓದಿದ ದಿನ ನನಗೆ ಹಂಪಿ ಬಜಾರು ನೆನಪಾಯಿತು. ವಿರೂಪಾಕ್ಷ ದೇವಸ್ಥಾನದ ಮುಂದಿನ ಸಾಲುಮಂಟಪಗಳಲ್ಲಿ ನೂರಾರು ಕುಟುಂಬಗಳು ಬದುಕುತ್ತಿದ್ದವು. ಅಲ್ಲೇ ಅಂಗಡಿ, ಅಲ್ಲೇ ಅಡುಗೆ. ಮದುವೆಯಾದ ಹೊಸತರಲ್ಲಿ ಅತ್ತೆ ನನ್ನನ್ನು ಅಲ್ಲಿಗೆ ಕರೆದೊಯ್ದಾಗ ಕಂಬದ ಸಾಲಿನ ಒಳಗಿಂದ ಒಗ್ಗರಣೆ ವಾಸನೆ ಬರುತ್ತಿತ್ತು. 2011ರ ಜುಲೈನಲ್ಲಿ ಆ ಮನೆ ಅಂಗಡಿಗಳನ್ನೆಲ್ಲ ತೆರವು ಮಾಡಿದರು. ಜನರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಲಾಯಿತು.

ಅದು ಸರಿಯೋ ತಪ್ಪೋ? ಮಂಟಪಗಳಿಗೆ ಸಿಮೆಂಟ್ ಗೋಡೆ ಎಬ್ಬಿಸಿ, ಕೆತ್ತನೆಗೆ ಮೊಳೆ ಹೊಡೆದದ್ದು ನಿಜ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿ, ಆನೆಗುಂದಿ ಸೇತುವೆ ಮುಂತಾದ ಕಾರಣಕ್ಕೆ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು, ಆದ್ದರಿಂದ ಸರ್ಕಾರಕ್ಕೆ ಅವಸರವಿದ್ದದ್ದೂ ನಿಜ. ಆದರೆ ಒಲೆ ಆರಿದ ಮೇಲೆ ಕಲ್ಲು ಸುರಕ್ಷಿತವಾಯಿತೇ? 2019ರ ಫೆಬ್ರವರಿಯಲ್ಲಿ ಕೆಲವು ಹುಡುಗರು ಹಂಪಿಯ ಒಂದು ಕಂಬ ತಳ್ಳಿ ಉರುಳಿಸಿದ ವಿಡಿಯೋ ನೀವೆಲ್ಲ ನೋಡಿದ್ದೀರಿ. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಲ್ಲೇ ಕಂಬ ನಿಲ್ಲಿಸಿತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗವೇ ಕುಸಿಯಿತು. ಅಲ್ಲಿ ಮನೆಗಳಿದ್ದಿದ್ದರೆ ಮಂಟಪ ನಿಲ್ಲುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ತೆರವು ಮಾಡುವ ಮೊದಲು ಆ ಜನರನ್ನೂ ಕಾವಲುಗಾರರೆಂದು ಎಣಿಸಿ ಕೂತು ಮಾತಾಡಬಹುದಿತ್ತು ಎಂಬುದಷ್ಟೇ ನನ್ನ ಅನಿಸಿಕೆ. ನಮ್ಮ ಮನೆಯಲ್ಲೇ ಇದಕ್ಕೆ ವಿರೋಧವಿದೆ, ನಮ್ಮವರು ಒಪ್ಪುವುದಿಲ್ಲ.

ಓವೈರಾಕದಲ್ಲಿ ದಾರಿ ಬೇರೆಯಾಯಿತು. 2014ರ ಕಾಯಿದೆಯಿಂದ ಆಕ್ಲೆಂಡಿನ 14 ಜ್ವಾಲಾಮುಖಿ ಗುಡ್ಡಗಳ ಒಡೆತನ ಇಲ್ಲಿನ 13 ಮಾವೊರಿ ಬುಡಕಟ್ಟುಗಳ ಒಕ್ಕೂಟಕ್ಕೆ ಮರಳಿತು. ಎಲ್ಲ ಜನರೂ ಹೋಗಿ ಬರಬಹುದು ಎಂಬ ಷರತ್ತಿನ ಮೇಲೆ. ಮಾವೊರಿ ಪ್ರತಿನಿಧಿಗಳೂ ನಗರಸಭೆಯವರೂ ಸಮನಾಗಿ ಕೂರುವ ತೂಪುನ ಮೌಂಗ ಅಥಾರಿಟಿ ಅದನ್ನು ನೋಡಿಕೊಳ್ಳುತ್ತದೆ. ಹಾಗೆಂದು ಎಲ್ಲವೂ ಸಲೀಸಲ್ಲ. ಗುಡ್ಡದ ಮೇಲಿನ 345 ಹೊರನಾಡಿನ ಮರಗಳನ್ನು ಕಡಿದು ಈ ನೆಲದ ಗಿಡಗಳನ್ನೇ ನೆಡುತ್ತೇವೆ ಎಂದು ಅಥಾರಿಟಿ ಹೊರಟಾಗ, 2019ರ ನವೆಂಬರಿನಲ್ಲಿ ಮೌಂಟ್ ಆಲ್ಬರ್ಟಿನ ಕೆಲವು ನಿವಾಸಿಗಳು ಗುಡ್ಡದ ಬಾಗಿಲಲ್ಲೇ ಕೂತು ತಡೆದರು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ತಡೆದವರ ಪರವಾಗಿ ತೀರ್ಪು ಕೊಟ್ಟಿತು. ಜನರಿಗೆ ಸರಿಯಾಗಿ ತಿಳಿಸಿ, ಕೇಳಿ ಮಾಡಬೇಕಿತ್ತು ಎಂಬುದು ಅದರ ತಿರುಳು. ಒಡೆತನ ಯಾರದು ಎಂದು ತೀರ್ಮಾನವಾದ ಮೇಲೂ ಕೇಳಬೇಕಾದವರ ಪಟ್ಟಿ ಉದ್ದವೇ ಇರುತ್ತದೆ ನೋಡಿ. ಹಿರಿಯರ ಗುಡ್ಡ ಹಿಂದಕ್ಕೆ ಬಂದವರ ಕಣ್ಣಿನಿಂದ ನೋಡಿದರೆ ಪೈನ್, ನೀಲಗಿರಿ ಮರಗಳು ಬೇರೆಯೇ ಕಾಣುತ್ತವೆ. ನೆರಳಲ್ಲಿ ಇಪ್ಪತ್ತು ವರ್ಷ ವಾಕಿಂಗ್ ಮಾಡಿದವರಿಗೆ ಬೇರೆ. ನಾನು ಎರಡನೆಯ ಗುಂಪಿನವಳು, ಆದರೆ ಮೊದಲನೆಯವರ ಮಾತು ಕೇಳಿದ ಮೇಲೆ ಮೊದಲಿನಷ್ಟು ಖಚಿತವಾಗಿ ಮಾತಾಡಲಾರೆ.

ಅಂದ ಹಾಗೆ, ಸಮಯವಿದ್ದರೆ ಇಳಿದು ಬರುವಾಗ ಆಲ್ಬರ್ಟನ್ ಮನೆ ನೋಡಿ. 1863ರಲ್ಲಿ ಆಲನ್ ಕೆರ್ ಟೇಲರ್ ಕಟ್ಟಿಸಿದ ಮರದ ಮನೆ, ಆಮೇಲೆ ಬೆಳೆದು 18 ಕೋಣೆಯಾಯಿತು. ಆತ ಹುಟ್ಟಿದ್ದು ಭಾರತದಲ್ಲಿ. ಮನೆಯ ಗೋಪುರ, ಉದ್ದನೆಯ ವೆರಾಂಡಗಳಲ್ಲಿ ಆ ನೆನಪು ಕಾಣುತ್ತದೆ. ಹೆಂಡತಿ ಸೋಫಿಯಾ ಹೆಂಗಸರ ಮತದಾನದ ಹಕ್ಕಿಗಾಗಿ ಗಟ್ಟಿಯಾಗಿ ದನಿ ಎತ್ತಿದವರು. ಮನೆಯ ಕೊನೆಯ ಮಗಳು 1972ರಲ್ಲಿ ಅದನ್ನು ಸಾರ್ವಜನಿಕರಿಗೆ ಬಿಟ್ಟುಹೋದರು. ಎಲ್ಲ ದಿನವೂ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ.

ತುದಿಯಲ್ಲಿ ನಿಂತರೆ ಒಂದು ಕಡೆ ವೈಟೆಮಟಾ, ಇನ್ನೊಂದು ಕಡೆ ಮನುಕಾವ್, ಎರಡು ಸಮುದ್ರದ ಕೊಲ್ಲಿಗಳು ಕಾಣುತ್ತವೆ. ಪಡುವಣಕ್ಕೆ ವೈಟಾಕೆರೆ ಬೆಟ್ಟಸಾಲು, ದೂರದಲ್ಲಿ ರಂಗಿಟೊಟೊ. ಅದು ಈ ಜ್ವಾಲಾಮುಖಿಗಳಲ್ಲೇ ಕಿರಿಯದು, ಕೇವಲ 600 ವರ್ಷ ಹಿಂದಿನದು. ಕೋಟೆಗೆ ಈ ಜಾಗವನ್ನೇ ಯಾಕೆ ಆರಿಸಿದರು ಎಂದು ಅಲ್ಲಿ ನಿಂತು ಮಕ್ಕಳನ್ನು ಕೇಳಿ. ನಮ್ಮ ತರಗತಿಯಲ್ಲಿ ಎಂಟು ವರ್ಷದವನೊಬ್ಬ "ಯಾರು ಬಂದರೂ ಗೊತ್ತಾಗತ್ತೆ" ಅಂದ. ಇನ್ನೊಬ್ಬಳು "ವೈಫೈ ಚೆನ್ನಾಗಿ ಸಿಗತ್ತೆ" ಅಂದಳು!

ಈಗ ಮನೆಪಾಠ. ಇಲ್ಲಿನ ಶಾಲೆಯಲ್ಲಿ ಮಕ್ಕಳು ಪೆಪೆಹಾ ಕಲಿಯುತ್ತಾರೆ. ತಮ್ಮ ಹೆಸರಿಗಿಂತ ಮೊದಲು ತಮ್ಮ ಬೆಟ್ಟ, ತಮ್ಮ ನದಿ ಹೇಳಿ ಪರಿಚಯ ಮಾಡಿಕೊಳ್ಳುವ ರೀತಿ ಅದು. ಪೂಜೆಯ ಸಂಕಲ್ಪದಲ್ಲಿ ಯಾವ ನದಿಯ ಯಾವ ದಡ ಎಂದು ಹೇಳಿಕೊಳ್ಳುವ ನಮಗೆ ಇದು ಹೊಸದೇನಲ್ಲ. ಓವೈರಾಕವನ್ನು "ನನ್ನ ಬೆಟ್ಟ" ಎನ್ನದೆ "ನಾನು ಈ ಬೆಟ್ಟದ ಹತ್ತಿರ ವಾಸಿಸುತ್ತೇನೆ" ಎನ್ನಬೇಕೆಂದು ಅನೇಕ ಶಿಕ್ಷಕರು ತಿದ್ದುತ್ತಾರೆ, ಅದು ನ್ಯಾಯವೇ. ಹಾಗಾದರೆ ನಮ್ಮ ಬೆಟ್ಟ ಯಾವುದು, ನಮ್ಮ ಹೊಳೆ ಯಾವುದು? ಮಕ್ಕಳು ಅಜ್ಜಿ ತಾತನಿಗೆ ಫೋನ್ ಮಾಡಿ ಕೇಳಬೇಕು. ಆ ಬೆಟ್ಟದ ಮೇಲೆ ಮೊದಲು ಏನಿತ್ತು, ಈಗ ಏನಿದೆ, ಯಾರು ಏನು ತೆಗೆದುಕೊಂಡು ಹೋದರು, ಅಲ್ಲಿ ಇನ್ನೂ ಯಾರ ಮನೆ ಇದೆ ಎಂದೂ ಕೇಳಿ ಐದು ಸಾಲು ಕನ್ನಡದಲ್ಲಿ ಬರೆದು ತರಬೇಕು.

ನನ್ನ ಮಗ ಕಳೆದ ಶನಿವಾರವೇ ಅತ್ತೆಗೆ ಫೋನ್ ಮಾಡಿದ. ಅಂಜನಾದ್ರಿ, ತುಂಗಭದ್ರಾ ಎಂದು ಬರೆದುಕೊಂಡ. ಆಮೇಲೆ ಅತ್ತೆ ಅವನನ್ನೇ ಕೇಳಿದರು, "ಅವತ್ತು ಹಗೇವಿನ್ಯಾಗ ಕುಂತು ಉಂಡ್ವಿ ನೋಡು, ಆ ಗುಡ್ಡದ ಹೆಸರು ಏನಪ್ಪಾ?" ಅವನು ಹೇಳಿದ. ಅತ್ತೆಗೆ ಒಂದೇ ಸಲಕ್ಕೆ ಸಿಗಲಿಲ್ಲ. "ನಿಧಾನಕ ಹೇಳು" ಅಂದರು. ಅವನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: ಓ, ವೈ, ರಾ, ಕ.